ಅರವತ್ತೈದು ಸಾವಿರ ಬಾಗಿಲಿನ ಮನೆ

ನಮ್ಮ ಮನೆಗೆ ಇದುವರೆಗೆ ಕಳ್ಳ ಬಂದಿಲ್ಲ. ಆದರೆ ಕಳ್ಳ ಬರಬಾರದೆಂದು ಕ್ಯಾಮರಾ ಹಾಕಿದ ಮೇಲೆ ನಾನು ಹೆದರದೆ ಕಳೆದ ವಾರ ಒಂದೂ ಇಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಹಾಜರು. ಹೇಳಿದರೆ ಕೇಳಿದವರು ನಗುತ್ತಾರೆ. ಈಗ ನನಗೂ ನಗು ಬರುತ್ತದೆ. ಆಗ ಬಂದಿರಲಿಲ್ಲ.

ನಾನು ಇಸಳೂರಿನಲ್ಲಿ ಮನೆಯ ಜಗಲಿಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ ಹೊಲಿಯುವವಳು. ನಮ್ಮ ಮನೆಯವರು ಶಿರಸಿಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತರು. ಇಬ್ಬರದೂ ಮೂಲ ಬನವಾಸಿ ಕಡೆ. ಬೆಳಿಗ್ಗೆ ಅವರು ಬೈಕ್ ಹತ್ತಿದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ನಮ್ಮದೇ ಸಾಲಿನ ಒಂದು ಮನೆಯ ಹಿತ್ತಲಿಂದ ಹಾಡುಹಗಲೇ ಗ್ಯಾಸ್ ಸಿಲಿಂಡರ್ ಹೋಯಿತು. ಅವತ್ತೇ ಇವರು ತೀರ್ಮಾನ ಮಾಡಿದರು. ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರ್ ತಂದು, ಯೂಟ್ಯೂಬ್ ನೋಡಿಕೊಂಡು, ತಾವೇ ಮೂರು ಕ್ಯಾಮರಾ ಕೂಡಿಸಿದರು. ಒಂದು ಜಗಲಿಗೆ, ಒಂದು ಅಂಗಳಕ್ಕೆ. ಮೂರನೆಯದು ಆ ಕಂಪ್ಯೂಟರಿಗೇ. "ಮನಿ ಕಾಯೋದು ಕಂಪ್ಯೂಟರ್. ಕಂಪ್ಯೂಟರ್ ಕಾಯೋರು ಯಾರು?" ಅಂದರು.

ತಲೆ ಇಲ್ಲದವಳು

ಕ್ಯಾಮರಾ ಹಾಕಿ ನಾಲ್ಕನೇ ದಿನ. ನಾನು ಒಳಗೆ ಚಾ ಕುದಿಸುತ್ತಿದ್ದೆ. ಫೋನ್ ಟಿಣ್ ಅಂತು. ನೋಡಿದರೆ, "ಜಗಲಿಯಲ್ಲಿ ವ್ಯಕ್ತಿ ಕಂಡುಬಂದಿದ್ದಾರೆ." ಬಾಗಿಲು ತೆಗೆದ ಸಪ್ಪಳವಿಲ್ಲ, "ಅಕ್ಕಾ" ಅಂತ ಕರೆದ ದನಿಯಿಲ್ಲ. ಚಾ ಉಕ್ಕಿ ಒಲೆಯ ಮೇಲೆ ಹೋಯಿತು. ಗ್ಯಾಸ್ ಆರಿಸಿ, ದನಿ ತಗ್ಗಿಸಿ ಇವರಿಗೆ ಫೋನ್ ಮಾಡಿದೆ.

"ರೀ, ಜಗಲ್ಯಾಗ ಯಾರೋ ಬಂದಾರಂತ."

"ಯಾರು ಹೇಳಿದ್ರು?"

"ಫೋನ್ ಹೇಳ್ತು."

"ತಡಿ, ನೋಡ್ತೀನಿ." ಸ್ವಲ್ಪ ಹೊತ್ತು ಬಿಟ್ಟು, "ಹೌದು. ಒಬ್ಬಾಕಿ ನಿಂತಾಳ," ಅಂದರು.

"ಯಾರ್ರಿ?"

"ಮುಖ ಕಾಣಂಗಿಲ್ಲ." ಈ ಸಲ ಅವರ ದನಿಯೂ ತಗ್ಗಿತು. "ಮುಖ ಅಲ್ಲ, ತಲೀನೇ ಇಲ್ಲ."

ಫೋನ್ ಕಿವಿಗೆ ಹಿಡಿದೇ ದೇವರ ಗೂಡಿನ ಮುಂದೆ ಕೂತೆ. "ಕೈ?" ಅಂತ ಕೇಳಿದೆ.

"ಕೈ ಅದಾವ. ಎರಡೂ ಕಡೆ ಚಾಚ್ಯಾಳ. ಮೆಲ್ಲಗ ತೂಗಾಡಾಕತ್ತಾಳ. ಕಾಲು ನೆಲಕ್ಕ ಮುಟ್ಟಿಲ್ಲ. ನೀ ಹೊರಗ ಹೋಗಬ್ಯಾಡ."

ಹೋಗುವ ಮಾತೆಲ್ಲಿ ಬಂತು. ಕಣ್ಣು ಮುಚ್ಚಿ ಹತ್ತು ನಿಮಿಷ ಕೂತಿರಬೇಕು. ಹೊಲಿಯುವವಳ ಬುದ್ಧಿ ನೋಡಿ, ಅಂಥ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ: "ಉಟ್ಟದ್ದು ಯಾವ ಬಣ್ಣ?"

"ಗಿಳಿಹಸಿರು. ಕೊರಳ ಸುತ್ತ ಬಂಗಾರದ ಪಟ್ಟಿ."

ಎದ್ದು ಬಾಗಿಲು ತೆಗೆದೆ. ಅಕ್ಕೋರ ಚೂಡಿದಾರದ ಟಾಪು. ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ, ನಾನೇ ತೊಲೆಗೆ ತೂಗುಬಿಟ್ಟದ್ದು ಗಾಳಿಗೆ ಆಡುತ್ತಿತ್ತು.

ಅಕ್ಕೋರು ಅಂದರೆ ನಮ್ಮಿಂದ ಮೂರನೇ ಮನೆಯ ನಿವೃತ್ತ ಟೀಚರು. ನಮ್ಮ ಕಡೆ ಟೀಚರಮ್ಮಂದಿರನ್ನು ಹಾಗೇ ಕರೆಯುವುದು. ಮರುದಿನ ಅವರು ಬಂದು ಆ ಟಾಪು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. "ಎಂತ, ಸರಿ ಕಾಣ್ತದಾ?" ಅಂತ ಕೇಳಿದರು.

"ಅಕ್ಕೋರೆ, ನಿನ್ನೆ ನೀವು ಅದರೊಳಗೆ ಇಲ್ಲದಾಗಲೇ ಸರಿಯಾಗಿ ಕಂಡಿದೆ," ಅಂದೆ.

ಎರಡನೇ ಭಾಗ

ಶಿವರಾತ್ರಿ ಕಳೆದು ಒಂದು ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಅಕ್ಷರಗಳು ಬಂದು ಕೂತವು. ಇವರು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. ಮುಖ ಸಣ್ಣದಾಯಿತು.

"ಏನಂತ್ರಿ?"

"ಪೋರ್ಟ್ ತೆರದೈತಂತ."

"ಕಾರವಾರದ್ದಾ?"

"ಅಲ್ಲ. ನಮ್ಮ ಮನೀದು."

ಆಮೇಲೆ ಬಿಡಿಸಿ ಹೇಳಿದರು. ಪೋರ್ಟ್ ಅಂದರೆ ಬಾಗಿಲು. ಹೊರಗಿನವರು ಇಂಟರ್ನೆಟ್ಟಿನಿಂದ ಕಂಪ್ಯೂಟರಿನ ಒಳಗೆ ಬರುವುದು ಅದರಿಂದ. ಒಂದೊಂದು ಕಂಪ್ಯೂಟರಿಗೆ ಅಂಥವು ಅರವತ್ತೈದು ಸಾವಿರ ಚಿಲ್ಲರೆ.

ಎರಡು ಬಾಗಿಲಿನ ಮನೆಯಲ್ಲಿ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವಳು ನಾನು. ನನ್ನ ಜಗಲಿಗೆ ತಾಗಿ ಅರವತ್ತೈದು ಸಾವಿರ ಬಾಗಿಲು ಇದ್ದವೆಂದು ನನಗೆ ಅವತ್ತಿನವರೆಗೆ ಯಾರೂ ಹೇಳಿರಲಿಲ್ಲ.

"ಹೆದರಬ್ಯಾಡ. ಎಲ್ಲಾ ಮುಚ್ಚ್ಯಾವ, ಮೂರು ಬಿಟ್ಟು."

"ಆ ಮೂರು ತೆಗೆದವರು ಯಾರು?"

ಇವರು ಪರದೆಯನ್ನೇ ನೋಡುತ್ತ ಹೇಳಿದರು. "ಶಾಲ್ಯಾಗಿಂದ ಮನಿ ಕಾಣಬೇಕಲ್ಲ. ದೀಪಾವಳಿ ಮುಂದ ನಾನೇ ತಗದಿದ್ದೆ."

ದೀಪಾವಳಿಯಿಂದ ಶಿವರಾತ್ರಿ ದಾಟುವವರೆಗೆ ಮನೆಯ ಮೂರು ಬಾಗಿಲು ಹಾರುಹೊಡೆದುಕೊಂಡು ಬಿದ್ದಿದ್ದವು ಅಂದ ಹಾಗಾಯಿತು. ಇವರು ಒಂದು ಪಟ್ಟಿ ತೆಗೆದರು. ಒಂದೊಂದು ಸಾಲೂ ಒಬ್ಬೊಬ್ಬ ಬಂದು ಕದ ಬಡಿದದ್ದು. ಎಷ್ಟು ಗಂಟೆಗೆ ಬಂದ, ಯಾವ ದೇಶದಿಂದ ಬಂದ, ಏನು ಹೆಸರು ಹೇಳಿ ಒಳಗೆ ಬರಲು ನೋಡಿದ, ಎಲ್ಲಾ ಬರೆದಿತ್ತು. ಒಬ್ಬ ಅಡ್ಮಿನ್ ಅಂದಿದ್ದ. ಇನ್ನೊಬ್ಬ ಗೆಸ್ಟ್ ಅಂದಿದ್ದ, ಕರೆಯದೇ ಬಂದ ಅತಿಥಿ. ಪಟ್ಟಿ ಕೆಳಗೆ ಹೋದಷ್ಟೂ ಮುಗಿಯಲಿಲ್ಲ. ಮದುವೆಯಾದ ಮೇಲೆ ನಾನು ಅರಬೈಲ್ ಘಟ್ಟ ಇಳಿದು ಕರಾವಳಿ ಕಂಡದ್ದು ಎರಡೇ ಸಲ. ನನ್ನ ಜಗಲಿಗೆ ಮಾತ್ರ ಸಮುದ್ರದಾಚೆಯವರು ಐದು ನಿಮಿಷಕ್ಕೊಬ್ಬರಂತೆ ಬರುತ್ತಿದ್ದರು.

"ಅವರಿಗೆ ನಮ್ಮ ಮ್ಯಾಲೆ ಏನ್ರಿ ಸಿಟ್ಟು?"

"ಸಿಟ್ಟು ಏನಿಲ್ಲ. ಅವರಿಗೆ ನಾವು ಯಾರು ಅಂತಾನೂ ಗೊತ್ತಿಲ್ಲ. ಓಣ್ಯಾಗ ಎಲ್ಲಾರ ಕದ ದೂಡಿಕೋತ ಹೋಗ್ತಾರ, ತೆರದಿದ್ರ ಒಳಗ ಬರ್ತಾರ. ಅಷ್ಟ."

"ಬಂದ್ರ ಏನು ಕಾಣ್ತದ?"

"ಜಗಲಿ, ಅಂಗಳ." ಗಂಟಲು ಸರಿ ಮಾಡಿಕೊಂಡು ಸೇರಿಸಿದರು, "ಮಾತೂ ಕೇಳಿಸ್ತದ."

ಅಳತೆ ತೆಗೆಯುವುದು ಒಳಕೋಣೆಯಲ್ಲಿ, ಅಲ್ಲಿ ಕ್ಯಾಮರಾ ಇಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು. ಆದರೆ ಜಗಲಿಯ ಮಾತು? ಹೆಂಗಸರು ಹೊಲಿಯಲು ಬಟ್ಟೆ ಕೊಡುವುದು ಐದು ನಿಮಿಷದ ಕೆಲಸ. ಉಳಿದ ಒಂದು ತಾಸು ಅವರು ಮನೆಯಲ್ಲಿ ಹೇಳಲಾಗದ್ದನ್ನು ನನ್ನ ಮುಂದೆ ಹೇಳುತ್ತಾರೆ. ಹದಿನೆಂಟು ವರ್ಷದಲ್ಲಿ ಒಂದು ಮಾತೂ ನನ್ನ ಜಗಲಿ ಇಳಿದಿಲ್ಲ. ನನಗೆ ಗಿರಾಕಿ ಇರುವುದೇ ಅದಕ್ಕೆ.

"ಈಗಿಂದೀಗ ಆ ಮೂರೂ ಮುಚ್ಚ್ರಿ," ಅಂದೆ.

ಇವರು ತಲೆ ಕೆರೆದುಕೊಂಡರು. ಬಾಗಿಲು ತೆಗೆಯುವುದನ್ನು ಒಬ್ಬ ಯೂಟ್ಯೂಬಿನಲ್ಲಿ ಕಲಿಸಿದ್ದನಂತೆ. ಮುಚ್ಚುವುದನ್ನು ಎರಡನೇ ಭಾಗದಲ್ಲಿ ಹೇಳುತ್ತೇನೆ ಅಂದಿದ್ದ. ಎರಡನೇ ಭಾಗ ಅವನು ಇನ್ನೂ ಹಾಕಿಲ್ಲ.

ಲೇಜಿಮ್

ಸೋಮವಾರ ಇವರು ಶಾಲೆಗೆ ಹೋದ ಕೂಡಲೇ ನಾನು ಸ್ಟೂಲ್ ಹತ್ತಿ ಜಗಲಿಯ ಕ್ಯಾಮರಾಕ್ಕೆ ಕಪ್ಪು ಲೈನಿಂಗ್ ಬಟ್ಟೆ ಸುತ್ತಿ ದಾರ ಬಿಗಿದೆ. ಅಂಗಳದ್ದಕ್ಕೂ ಒಂದು ತುಂಡು ಕಟ್ಟಿದೆ. ಫೋನನ್ನು ಒಳಗೆ ಚಾರ್ಜಿಗೆ ಹಾಕಿ, ವಾರದಿಂದ ಬಾಕಿ ಇದ್ದ ಬ್ಲೌಸುಗಳನ್ನು ಹಿಡಿದು ಕೂತೆ. ಮೆಷಿನ್ ಸದ್ದಿಗೆ ಬೇರೇನೂ ಕೇಳಿಸಲಿಲ್ಲ.

ಅತ್ತ ಶಾಲೆಯಲ್ಲಿ ಇವರ ಫೋನಿಗೆ ಸಂದೇಶ ಹೋಗಿದೆ: ಜಗಲಿಯ ಕ್ಯಾಮರಾ ಮುಚ್ಚಲಾಗಿದೆ, ಅಂಗಳದ ಕ್ಯಾಮರಾ ಮುಚ್ಚಲಾಗಿದೆ. ನೋಡಿದರೆ ಎಲ್ಲಾ ಕಪ್ಪು. ನನಗೆ ಏಳು ಸಲ ಫೋನ್ ಮಾಡಿದ್ದಾರೆ, ಎತ್ತಿಲ್ಲ. ಇವರು ಕೂತಲ್ಲೇ ಬೆವರಿ ಪಿ.ಟಿ. ಮಾಸ್ತರರನ್ನು ಕರೆದಿದ್ದಾರೆ. ಅವರು ಆಟದ ಸಾಮಾನಿನ ಕೋಣೆಗೆ ಓಡಿ, ಕೈಗೆ ಸಿಕ್ಕ ಗಟ್ಟಿ ಕೋಲು ಎಳೆದುಕೊಂಡು ಬೈಕಿನ ಹಿಂದೆ ಕೂತಿದ್ದಾರೆ. ಅದು ಮಕ್ಕಳು ಕವಾಯತು ಮಾಡುವ ಲೇಜಿಮ್. ಕೋಲಿಗೆ ಸರಪಳಿ, ಸರಪಳಿ ತುಂಬ ತಾಳದ ಬಿಲ್ಲೆಗಳು.

ಇದು ಯಾವುದೂ ನನಗೆ ಗೊತ್ತಿಲ್ಲ. ದಾರ ಮುಗಿದು ಮೆಷಿನ್ ನಿಲ್ಲಿಸಿದಾಗ ಮನೆಯ ಹಿಂದುಗಡೆಯಿಂದ ಒಂದು ಸದ್ದು ಬಂತು. ಝಣ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಝಣ್. ಯಾರೋ ಒಂದೊಂದೇ ಹೆಜ್ಜೆ ಇಟ್ಟು ಮನೆ ಸುತ್ತುತ್ತಿದ್ದ ಹಾಗೆ. ಹೆಜ್ಜೆ ಇಟ್ಟಾಗೆಲ್ಲ ಝಣ್.

ಕತ್ತರಿ ಹಿಡಿದು ಒಳಗೆ ಓಡಿ ಎರಡೂ ಬಾಗಿಲಿಗೆ ಚಿಲಕ ಹಾಕಿದೆ. ಝಣ್ ಹಿತ್ತಲ ಬಾಗಿಲಿಗೆ ಬಂದು ನಿಂತಿತು. ಹೊರಗಿನಿಂದ ದೂಡಿದರು. ನಾನು ಒಳಗಿನಿಂದ ಬೆನ್ನು ಕೊಟ್ಟೆ.

"ಒಳಗ ಯಾರು?" ಅಂತ ಹೊರಗಿನಿಂದ ನಡುಗುವ ದನಿ.

"ಹೊರಗ ಯಾರು?" ಅಂತ ನಾನು.

"ಮೊದಲು ನೀ ಹೇಳು," ಅಂತ ಅದು. ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡನ ದನಿ ನನಗೆ ಗುರುತು ಸಿಗಲಿಲ್ಲ, ನನ್ನದು ಅವರಿಗೂ ಸಿಗಲಿಲ್ಲ. ಹೆದರಿಕೆಗೆ ಇಬ್ಬರದೂ ದನಿ ಅಷ್ಟು ಬದಲಾಗಿತ್ತು.

ಬಾಗಿಲು ತೆಗೆದು, ವಿಷಯ ತಿಳಿದು, ಮೂವರೂ ನೀರು ಕುಡಿದ ಮೇಲೆ ನಾನು ಪಿ.ಟಿ. ಮಾಸ್ತರರನ್ನು ಕೇಳಿದೆ, "ಕಳ್ಳನ್ನ ಹಿಡಿಯೋಕೆ ಸದ್ದು ಮಾಡೋ ಕೋಲು ಯಾಕೆ ತಂದ್ರಿ ಸರ್?"

ಅವರು ಲೇಜಿಮನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಪ್ರಾಮಾಣಿಕವಾಗಿ ಹೇಳಿದರು. "ನಾವು ಬರೋದು ಅವನಿಗೆ ಮೊದಲೇ ಗೊತ್ತಾಗಿ ಓಡಿಹೋದ್ರೆ ಒಳ್ಳೇದಲ್ಲಾ ಅಂತ."

ಗೋಡೆ ಆಡಿದ ಮಾತು

ಕ್ಯಾಮರಾದ ಬಟ್ಟೆ ಇವರು ಬಿಚ್ಚಿಸಿದರು. ಮುಚ್ಚಿದರೆ ಕಳ್ಳ ಕಾಣುವುದಿಲ್ಲ, ಬಿಚ್ಚಿದರೆ ಕಳ್ಳನಿಗೆ ನಾವು ಕಾಣುತ್ತೇವೆ. ಯಾವುದು ಮೇಲು ಅಂತ ತೀರ್ಮಾನವಾಗದೆ ಮೂರು ದಿನ ಕಳೆಯಿತು.

ಗುರುವಾರ ಮಧ್ಯಾಹ್ನ ಅಕ್ಕೋರು ಬಂದಿದ್ದರು. ಬ್ಲೌಸ್ ಪೀಸು ಒಂದು ನೆಪ. ಅವರ ಸೊಸೆ ಸಿಟ್ಟು ಮಾಡಿಕೊಂಡು ತವರಿಗೆ ಹೋಗಿ ಹದಿನೈದು ದಿನವಾಗಿತ್ತು. ಅಕ್ಕೋರು ದಿನಕ್ಕೊಂದು ಸಂಗತಿ ತೆಗೆದು ಹೇಳುತ್ತಿದ್ದರು. ಅವತ್ತಿನದು ಸಾರಿಗೆ ಬೆಲ್ಲ ಹಾಕುವ ವಿಷಯ. ನಾನು ಕ್ಯಾಮರಾ ಕಡೆ ನೋಡಿ ನೋಡಿ, "ಅಕ್ಕೋರೆ, ಸ್ವಲ್ಪ ಮೆಲ್ಲಗೆ," ಅನ್ನುತ್ತಿದ್ದೆ. "ಎಂತಕ್ಕೆ ಮೆಲ್ಲಗೆ? ಸುಳ್ಳು ಹೇಳ್ತ್ನಾ ನಾನು?" ಅಂತ ಅವರು ಇನ್ನೂ ಜೋರಾಗಿ ಹೇಳುತ್ತಿದ್ದರು.

ಆಗ ಗೋಡೆ ಕೆಮ್ಮಿತು.

ಕ್ಯಾಮರಾ ಗರ್ ಅಂತು. ಆಮೇಲೆ ಅದರೊಳಗಿಂದ, ಡಬ್ಬದಲ್ಲಿ ಬಾಯಿ ಇಟ್ಟು ಮಾತಾಡಿದ ಹಾಗೆ, ಒಡೆದೊಡೆದು ಒಂದು ದನಿ ಬಂತು. "ಹ... ಪ್ಪ... ಳ."

ಅಕ್ಕೋರು ನನ್ನ ಕೈ ಹಿಡಿದುಕೊಂಡರು. "ಎಂತ ಹೇಳ್ತು ಅದು?"

"ಹಪ್ಪಳ ಅಂತು."

"ಹ... ಪ್ಪಳ. ಹಪ್ಪಳ." ದನಿ ಅವಸರ ಮಾಡತೊಡಗಿತು.

ಇಬ್ಬರೂ ಅಳತೆಯ ಕೋಣೆಗೆ ಓಡಿ ಪರದೆ ಎಳೆದುಕೊಂಡೆವು. ಪೋರ್ಟು, ಹೊರದೇಶ, ಐದು ನಿಮಿಷಕ್ಕೊಮ್ಮೆ ಬರುವ ಗೆಸ್ಟು, ಎಲ್ಲಾ ಅಲ್ಲಿ ಕತ್ತಲೆಯಲ್ಲಿ ಪಿಸುಮಾತಿನಲ್ಲಿ ಅಕ್ಕೋರಿಗೆ ಹೇಳಿದೆ. ಅವರು ವಿಷ್ಣುಸಹಸ್ರನಾಮ ಅರ್ಧಕ್ಕೆ ನಿಲ್ಲಿಸಿ ಕೇಳಿದರು, "ಹೊರದೇಶದ ಕಳ್ಳಂಗೆ ಹಪ್ಪಳ ಎಂತಕ್ಕೆ?"

ಅರ್ಧ ತಾಸಿನ ಮೇಲೆ ಧೈರ್ಯ ಮಾಡಿ ಹೊರಗೆ ಬಂದೆವು. ಅಂಗಳದಲ್ಲಿ ಚಾಪೆಯ ಮೇಲೆ ನಾನು ಹಲಸಿನ ಹಪ್ಪಳ ಒಣಗಿಸಿದ್ದೆ. ಎರಡು ಸಾಲು ಪೂರ್ತಿ ಇರಲಿಲ್ಲ. ಬೇಲಿಯ ಮೇಲೆ ಐದಾರು ಕಾಗೆ ಕೂತು ಕೊಕ್ಕು ಒರೆಸಿಕೊಳ್ಳುತ್ತಿದ್ದವು.

ಅಕ್ಕೋರು ಚಾಪೆ ನೋಡಿದರು, ಕ್ಯಾಮರಾ ನೋಡಿದರು. "ಕಳ್ಳನೇ ಆಗಿರಲಿ, ಒಳ್ಳೆ ಮನಸ್ಸಿನವ," ಅಂದರು. "ಅವ ಹೇಳಿದ ಕೂಡಲೇ ಬಂದಿದ್ರೆ ಒಂದು ಸಾಲಾದರೂ ಉಳೀತಿತ್ತು."

ಹಳದಿ ಚೀಟಿ

ಮರುದಿನ ಇವರು ರಜೆ ಹಾಕಿ, ಹೆಗಡೆಕಟ್ಟಾ ಕಡೆಯ ಒಬ್ಬ ಕ್ಯಾಮರಾ ರಿಪೇರಿಯವರನ್ನು ಕರೆಸಿದರು. ಐವತ್ತು ದಾಟಿದ ಸಮಾಧಾನದ ಮನುಷ್ಯ. ಯಾರ ಮಾತಿಗೂ ಆಶ್ಚರ್ಯಪಡದವರು. ಗೋಡೆ ಮಾತಾಡಿದ್ದನ್ನು ಕೇಳಿ ಬರೇ "ಹ್ಞೂಂ" ಅಂದರು. ಕಂಪ್ಯೂಟರ್ ಮುಂದೆ ಕೂತು, "ಪಾಸ್‌ವರ್ಡ್ ಹೇಳಿ ಸರ್," ಅಂದರು.

ಇವರು ನನ್ನನ್ನೂ, ಸುದ್ದಿ ಕೇಳಲು ಬಂದು ಕೂತಿದ್ದ ಅಕ್ಕೋರನ್ನೂ ನೋಡಿ, "ಅದನ್ನ ಎಲ್ಲಾರ ಮುಂದ ಹೇಳಬಾರದು," ಅಂದರು.

"ಬೇಡ ಬಿಡಿ, ಇಲ್ಲೇ ಇದ್ದು," ಅಂತ ರಿಪೇರಿಯವರು ಗೋಡೆ ನೋಡಿಕೊಂಡೇ ಪಾಸ್‌ವರ್ಡ್ ಹಾಕಿ ಕಂಪ್ಯೂಟರಿನ ಒಳಗೆ ಹೋಗಿಬಿಟ್ಟರು. ಕಂಪ್ಯೂಟರಿನ ಹಿಂದಿನ ಗೋಡೆಗೆ ಇವರು ಮರೆಯಬಾರದೆಂದು ಹಳದಿ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಮೂರನೇ ಕ್ಯಾಮರಾದ ಚಿತ್ರ ತೆಗೆದರೆ ನಟ್ಟನಡುವೆ ಆ ಚೀಟಿಯೇ, ಒಂದೊಂದು ಅಕ್ಷರವೂ ಸ್ಪಷ್ಟ.

"ಇದೆಂತಕ್ಕೆ ಸರ್?" ಅಂತ ಅವರು ಮರ್ಯಾದೆಯಿಂದಲೇ ಕೇಳಿದರು. "ಒಂದು ಸಲ ಒಳಗೆ ಬಂದವನಿಗೆ ಮತ್ತೊಂದು ಸಲ ಬರುವಾಗ ತ್ರಾಸ ಆಗಬಾರದು ಅಂತಾ?"

ನಗುವ ಹೊತ್ತಾಗಿರಲಿಲ್ಲ. ಅವರು ಇನ್ನೊಂದು ಪಟ್ಟಿ ತೆಗೆದಿದ್ದರು. ಇದು ಕದ ಬಡಿದು ವಾಪಸು ಹೋದವರದ್ದಲ್ಲ. ಪಾಸ್‌ವರ್ಡ್ ಸರಿಯಾಗಿ ಹೇಳಿ ಒಳಗೆ ಬಂದವರದ್ದು.

"ಮೂರು ಫೋನು. ಒಂದು ಸರ್ ಅವರದ್ದು. ಉಳಿದ ಎರಡು ಬೇರೆ. ದಿನಾ ಬರ್ತಾರೆ. ಬೆಳಿಗ್ಗೆ ಹನ್ನೊಂದರಿಂದ ಊಟದ ಹೊತ್ತಿನವರೆಗೆ, ಮತ್ತೆ ಮೂರರಿಂದ ಐದು. ದೀಪಾವಳಿಯಿಂದ ಒಂದು ದಿನ ತಪ್ಪಿಸಿದ್ದಿಲ್ಲ."

"ಯಾರು ಅಂತ ಗೊತ್ತಾಗ್ತದಾ?" ಅಂದೆ.

"ಅದು ಹೇಳಲಾಗ. ಆದರೆ ಕೆಲಸದವರ ಹಾಗೆ ಹೊತ್ತಿಗೆ ಸರಿಯಾಗಿ ಬಂದಿದ್ದಾರೆ."

ಹನ್ನೊಂದರಿಂದ ಊಟದವರೆಗೆ, ಮೂರರಿಂದ ಐದು. ಗಿರಾಕಿಗಳು ಜಗಲಿಯಲ್ಲಿ ಕೂರುವ ಹೊತ್ತೇ ಅದು. ನಾನು ಅಕ್ಕೋರ ಕಡೆ ನೋಡಲಿಲ್ಲ. ಅಕ್ಕೋರೂ ನನ್ನ ಕಡೆ ನೋಡಲಿಲ್ಲ. ರಿಪೇರಿಯವರು ಮೂರೂ ಬಾಗಿಲು ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಹಳದಿ ಚೀಟಿ ಕಿತ್ತು ಇವರ ಕೈಗೆ ಕೊಟ್ಟರು. "ಈಗ ಯಾರೂ ಬರ್ತ್ವಿಲ್ಲೆ," ಅಂದು ಚಾ ಕುಡಿದು ಹೊರಟರು. ಹೋಗುವಾಗ ಹೊಸ ಪಾಸ್‌ವರ್ಡ್ ಏನೆಂದು ಇವರು ಕೇಳಿದರು. ಅವರು ಒಂದು ಗಳಿಗೆ ಇವರ ಮುಖ ನೋಡಿ, ಅದನ್ನು ನನ್ನ ಕಿವಿಯಲ್ಲಿ ಹೇಳಿದರು.

ಅಕ್ಕೋರ ಪ್ರಶ್ನೆ

ಅವರ ಸ್ಕೂಟರಿನ ಸದ್ದು ಅಡಗುವ ಮೊದಲೇ ಫೋನ್ ಬಂತು. ಸಿದ್ದಾಪುರದಿಂದ, ಇವರ ಅಕ್ಕ, ನನ್ನ ದೊಡ್ಡ ನಾದಿನಿ. ನಾನು ಸ್ಪೀಕರಿಗೆ ಹಾಕಿದೆ.

"ಏನೇ, ನಿಮ್ಮನಿ ಕರೆಂಟ್ ಹೋತೇನು? ಏನೂ ಕಾಣಂಗಿಲ್ಲ."

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. "ಎಲ್ಲಿ ಕಾಣಂಗಿಲ್ಲ ಅಕ್ಕಾ?"

"ನಿಮ್ಮ ಜಗಲಿ. ಈಗಷ್ಟೇ ಒಬ್ಬ ಹೆಗಲಿಗೆ ಚೀಲ ಹಾಕ್ಕೊಂಡು ಬಂದ, ಒಳಗ ಹೋದ. ಅಷ್ಟರಾಗ ಕತ್ತಲಾತು. ಯಾರವ?"

ನಾನು ಇವರ ಕಡೆ ತಿರುಗಿದೆ. ಇವರು ಕೈಯಲ್ಲಿದ್ದ ಹಳದಿ ಚೀಟಿಯನ್ನು ಮಡಚುತ್ತಿದ್ದರು, ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದರು. ದೀಪಾವಳಿಗೆ ಸಿದ್ದಾಪುರಕ್ಕೆ ಹೋದಾಗ, ಅಕ್ಕನಿಗೆ ತೋರಿಸಿ ಸೈ ಅನ್ನಿಸಿಕೊಳ್ಳಬೇಕೆಂದು ಅವಳ ಫೋನಿನಲ್ಲಿ ನಮ್ಮ ಜಗಲಿ ಬರುವ ಹಾಗೆ ಮಾಡಿ ಬಂದಿದ್ದರು. ತೆಗೆಯುವುದು ಮರೆತಿದ್ದರು.

"ಅಕ್ಕಾ, ನಿನ್ನೆ ಹಪ್ಪಳ ಅಂದದ್ದು..."

"ನಾನ. ಮೈಕಿನ ಚಿತ್ರ ಇತ್ತು, ಒತ್ತಿದೆ. ಕಾಗಿ ತಿನ್ನಾಕತ್ತಿದ್ವು, ಒದರಿ ಒದರಿ ಹೇಳಿದ್ರೂ ನೀವಿಬ್ರೂ ಒಳಗ ಓಡಿದ್ರಿ. ಯಲ್ಲಾಪುರದ ಬೀಗತಿ ನೋಡಿ ಅತ್ತಳು, ಅಷ್ಟು ಛಂದ ಹಪ್ಪಳ."

ಎರಡನೇ ಫೋನು ಆ ಬೀಗತಿಯದು, ನಾದಿನಿಯ ಮಗಳ ಅತ್ತೆ. ಸಂಬಂಧ ಗಟ್ಟಿಯಾಗಲಿ ಎಂದು ನಾದಿನಿ ಅವಳಿಗೂ ಕೊಟ್ಟಿದ್ದಳು. ಸಿದ್ದಾಪುರದಲ್ಲಿ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಊಟ ಮುಗಿಸಿ ಬಂದು ಕೂತು ನೋಡುತ್ತಿದ್ದರು.

"ಅದಿರಲಿ," ಅಂದಳು ನಾದಿನಿ. "ಆ ಮಾಸ್ತರ್ತಿ ಸೊಸಿ ತವರಿಂದ ಬಂದ್ಲಾ ಇಲ್ಲಾ? ಎಲ್ಲಾರೂ ಕೇಳಾಕತ್ತಾರ."

ಫೋನ್ ಇಟ್ಟೆ. ಅಕ್ಕೋರು ಎದುರಿಗೇ ಕೂತಿದ್ದರು. ಎಲ್ಲಾ ಅವರ ಕಿವಿಗೇ ಬಿದ್ದಿತ್ತು. ಇಷ್ಟು ದಿನ ಪಟ್ಟ ಹೆದರಿಕೆಯೆಲ್ಲ ಆ ಒಂದು ನಿಮಿಷದ ಮುಂದೆ ಏನೂ ಅಲ್ಲ. ಹೊರದೇಶದ ಕಳ್ಳನಿಗೆ ಅಕ್ಕೋರ ಸೊಸೆ ಯಾರೋ ಗೊತ್ತಿಲ್ಲ. ಸಿದ್ದಾಪುರದವರಿಗೆ ಸಾರಿಗೆ ಬೆಲ್ಲ ಎಷ್ಟು ಬಿತ್ತು ಅನ್ನುವವರೆಗೆ ಗೊತ್ತಿದೆ. ಅಕ್ಕೋರು ಎದ್ದು ಹೋದರೆ ಅವರ ಹಿಂದೆ ಇಸಳೂರಿನ ಅರ್ಧ ಹೆಂಗಸರು ಹೋಗುತ್ತಾರೆ. ಹದಿನೆಂಟು ವರ್ಷದ ನಂಬಿಕೆ ಒಂದು ಯೂಟ್ಯೂಬ್ ವಿಡಿಯೋಕ್ಕೆ ಹೋಯಿತು. ನಾನು ಅವರ ಮುಂದೆ ನೆಲಕ್ಕೇ ಕೂತೆ.

"ಅಕ್ಕೋರೆ, ನನ್ನಿಂದ ತಪ್ಪಾಯಿತು. ನನಗೆ ಗೊತ್ತಿರಲಿಲ್ಲ. ನೀವು ಏನು ಬೈದರೂ ಕೇಳುತ್ತೇನೆ," ಅಂದೆ. ಕಣ್ಣಲ್ಲಿ ನೀರು ಬಂತು. ಇವರು ಕಂಬದ ಹಿಂದೆ ನಿಂತಿದ್ದರು.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ, ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಅದೇ ದನಿಯಲ್ಲಿ ಕೇಳಿದರು, "ಸಿದ್ದಾಪುರ, ಯಲ್ಲಾಪುರ ಎಲ್ಲಾ ಸೇರಿ ಎಷ್ಟು ಜನ ಕೇಳಿದ್ದಾರೆ?"

"ಆರೇಳು ಜನ ಇರಬಹುದು."

"ಅವರೆಲ್ಲ ಯಾರ ಕಡೆ? ನನ್ನ ಕಡೆಯಾ, ಸೊಸೆ ಕಡೆಯಾ?"

"ಅವರನ್ನೇ ಕೇಳು," ಅಂದರು ಅಕ್ಕೋರು. ಅಲ್ಲೇ ನಾದಿನಿಗೆ ಫೋನ್ ಮಾಡಿ ಕೇಳಿದೆ. ಅವಳು ಯೋಚನೆಯನ್ನೂ ಮಾಡಲಿಲ್ಲ. "ಎಲ್ಲಾರೂ ಸೊಸಿ ಕಡೇನ. ಪಾಪ, ಒಳ್ಳೇ ಹುಡುಗಿ," ಅಂದಳು.

ಅಕ್ಕೋರು ಎದ್ದು ಸೆರಗು ಸರಿ ಮಾಡಿಕೊಂಡರು. ಈಗ ಹೋಗುತ್ತಾರೆ, ಇನ್ನು ಬರುವುದಿಲ್ಲ ಅಂದುಕೊಂಡೆ. ಅವರು ಹೋಗಲಿಲ್ಲ. ಜಗಲಿಯ ಕುರ್ಚಿಯನ್ನು ಎಳೆದು ಕ್ಯಾಮರಾಕ್ಕೆ ಸರಿಯಾಗಿ ಎದುರಿಗೆ ಹಾಕಿ ಕೂತರು.

"ಹಾಗಾದರೆ ಅವರಿಗೆ ಪೂರ್ತಿ ಕಥೆ ಗೊತ್ತಿಲ್ಲ," ಅಂದರು. ಆಮೇಲೆ ಕಂಬದ ಹಿಂದಿದ್ದ ಇವರ ಕಡೆ ತಿರುಗಿ, "ಆ ಬಾಗಿಲು ಇನ್ನೊಂದು ತಾಸು ತೆಗೀರಿ ನೋಡುವಾ."